ಪ್ರಾದೇಶಿಕ ಸೇನೆಯ ಸಂದರ್ಶನವೂ ನಮ್ಮ ಮಕ್ಕಳ ತಯಾರಿಯೂ

(ಕೊಪ್ಪದಲ್ಲಿ ನಡೆದ ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟಿನ ಪರವಾಗಿ ಮಾಡಿದ ಭಾಷಣದ ಪಠ್ಯ)



ಪ್ರತಿ ವರ್ಷ ಈ ಸಭೆಯಲ್ಲಿ ನಾವು ನಿಮಗೆ ಲೆಕ್ಕ ಒಪ್ಪಿಸುತ್ತೇವೆ. ನೀವು ಕೊಟ್ಟ ಹಣ ನಮ್ಮ ಕೈಯಲ್ಲಿರುವ ಅಮಾನತ್. ಅದರ ಜಮಾ ಖರ್ಚು ಈ ವರದಿಯಲ್ಲೇ ಅಚ್ಚಾಗಿದೆ, ದಯವಿಟ್ಟು ಓದಿ, ಸಂಶಯವಿದ್ದರೆ ಕೇಳಿ. ಇವತ್ತು ನಾವು ಒಪ್ಪಿಸಬೇಕೆಂದಿರುವುದು ಜಮಾ ಖರ್ಚಿನಲ್ಲಿ ಕಾಣದ ಇನ್ನೊಂದು ಲೆಕ್ಕ. ಅದು ನಮ್ಮ ಒಂದು ತಪ್ಪಿನ ಲೆಕ್ಕ. ನಮ್ಮ ಹಣದಲ್ಲಿ ಓದಿದ ಒಬ್ಬ ಹುಡುಗ ಸೇನೆಯ ಅಧಿಕಾರಿಯಾಗಲು ಸಂದರ್ಶನಕ್ಕೆ ಹೋದಾಗ, ಅವನ ಅರ್ಜಿ ತುಂಬಿಸಿದವರು ನಾವು. ಅವನು ಸೋತದ್ದರಲ್ಲಿ ನಮ್ಮ ಪಾಲೂ ಇದೆ.

ಮೊದಲು ಅದು ಯಾವ ಕೆಲಸ ಎಂದು ಹೇಳುತ್ತೇವೆ, ಏಕೆಂದರೆ ನಮ್ಮ ಕಡೆ ಬಹಳ ಜನಕ್ಕೆ ಇದು ಗೊತ್ತಿಲ್ಲ. ಸೈನ್ಯಕ್ಕೆ ಸೇರುವುದೆಂದರೆ ಮನೆ ಬಿಟ್ಟು, ಊರು ಬಿಟ್ಟು, ಇಡೀ ಆಯುಷ್ಯ ಹೋಗುವುದು ಎಂದು ನಾವೆಲ್ಲ ತಿಳಿದಿದ್ದೇವೆ. ಆದರೆ ಪ್ರಾದೇಶಿಕ ಸೇನೆ, ಅಂದರೆ ಟೆರಿಟೋರಿಯಲ್ ಆರ್ಮಿ, ಬೇರೆ ರೀತಿಯದು. 1948ರ ಕಾಯ್ದೆಯಿಂದ ಬಂದು, 1949ರ ಅಕ್ಟೋಬರ್ 9ರಂದು ರಾಜಾಜಿಯವರಿಂದ ಉದ್ಘಾಟನೆಯಾದ ಪಡೆ ಅದು. ಅದರಲ್ಲಿ ಇರುವವರು ತಮ್ಮ ತಮ್ಮ ಉದ್ಯೋಗದಲ್ಲಿರುತ್ತಾರೆ, ವರ್ಷಕ್ಕೆ ಸುಮಾರು ಎರಡು ತಿಂಗಳು ಸಮವಸ್ತ್ರ ತೊಟ್ಟು ತರಬೇತಿಗೆ ಹೋಗುತ್ತಾರೆ, ದೇಶ ಕರೆದಾಗ ಪೂರ್ಣ ಸೇವೆಗೆ ಹಾಜರಾಗುತ್ತಾರೆ. ಹಾಜರಾದ ದಿನಗಳಿಗೆ ಸೇನೆಯ ಸಂಬಳ ಉಂಟು. ಇದನ್ನೇ ಪೂರ್ತಿ ಜೀವನೋಪಾಯ ಎಂದು ನಂಬಿ ಹೋಗುವಂತಿಲ್ಲ. ಅದಕ್ಕೇ ಅಧಿಕಾರಿಯಾಗಲು ಅರ್ಜಿ ಹಾಕುವವರಿಗೆ ಪದವಿಯ ಜೊತೆಗೆ ಉದ್ಯೋಗವೋ ಸ್ವಂತ ದುಡಿಮೆಯೋ ಇರಲೇಬೇಕು. ವಯಸ್ಸು 18ರಿಂದ 42ರವರೆಗೆ. ಪದವಿ ಮುಗಿಸಿ ಕೆಲಸಕ್ಕೆ ಸೇರಿ, ಮನೆ ಜವಾಬ್ದಾರಿ ಹೊತ್ತವನೂ ಪ್ರಯತ್ನಿಸಬಹುದಾದ ದಾರಿ ಇದು.

ಇವರು ಏನು ಮಾಡುತ್ತಾರೆ ಎಂದು ನೋಡಲು ಬಹಳ ದೂರ ಹೋಗಬೇಕಿಲ್ಲ. ಎಚ್.ಡಿ. ಕೋಟೆಯ ಕಾಡು ದಾಟಿದರೆ ವಯನಾಡು. 2024ರ ಜುಲೈ 30ರಂದು ಅಲ್ಲಿ ಚೂರಲ್‌ಮಲ, ಮುಂಡಕ್ಕೈ ಊರುಗಳ ಮೇಲೆ ಗುಡ್ಡ ಕುಸಿದಾಗ, ರಕ್ಷಣೆಗೆ ಹೋದವರಲ್ಲಿ ಪ್ರಾದೇಶಿಕ ಸೇನೆಯ 122ನೇ ಮದ್ರಾಸ್ ಬೆಟಾಲಿಯನ್‌ನವರು ಇದ್ದರು. ಹೊಳೆಗೆ ಉಕ್ಕಿನ ಸೇತುವೆ ಕಟ್ಟಿದವರು ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನವರು. ನಮ್ಮ ಟ್ರಸ್ಟಿನಿಂದಲೂ ಬಟ್ಟೆ, ಅಕ್ಕಿ ಕಳಿಸಿದ್ದೆವು. ಆ ದಿನಗಳಲ್ಲಿ ಟಿ.ವಿ. ನೋಡುತ್ತಾ ಕುಳಿತಿದ್ದಾಗಲೇ ನಮ್ಮ ಹುಡುಗ, ಕೆಲಸದ ಜೊತೆಗೆ ಇದಕ್ಕೂ ಅರ್ಜಿ ಹಾಕಬಹುದಂತೆ ಎಂದು ಹೇಳಿದ್ದು.

ಅವನ ಹೆಸರು ಬೇಡ. ಪಿರಿಯಾಪಟ್ಟಣ ತಾಲ್ಲೂಕಿನ ಹುಡುಗ. ಪಿ.ಯು.ಸಿ.ಯಿಂದ ಬಿ.ಕಾಂ.ವರೆಗೆ ನಮ್ಮ ವಿದ್ಯಾರ್ಥಿವೇತನ ಪಡೆದವನು. ಈಗ ಒಂದು ಖಾಸಗಿ ಸಂಸ್ಥೆಯಲ್ಲಿ ಲೆಕ್ಕ ಬರೆಯುತ್ತಾನೆ. ತಂದೆ ಗುಜರಿ ವ್ಯಾಪಾರಿ. ಮೊದಲು ಸೈಕಲ್ಲಿನಲ್ಲಿ, ಈಗ ಹಳೆಯ ಗೂಡ್ಸ್ ಆಟೋದಲ್ಲಿ ಹಳ್ಳಿ ಹಳ್ಳಿ ತಿರುಗಿ ಕಬ್ಬಿಣ, ತಗಡು, ಹಳೆ ಪೇಪರ್ ಕೊಳ್ಳುತ್ತಾರೆ. ಹುಡುಗ ಲಿಖಿತ ಪರೀಕ್ಷೆ ಬರೆದು ಪಾಸಾದ. ತರ್ಕ, ಲೆಕ್ಕ, ಸಾಮಾನ್ಯ ಜ್ಞಾನ, ಇಂಗ್ಲಿಷ್, ಹೀಗೆ ನಾಲ್ಕು ಭಾಗದ ಪರೀಕ್ಷೆ ಅದು. ಅದು ದಾಟಿದವರಿಗೆ ಪ್ರಾಥಮಿಕ ಸಂದರ್ಶನ. ಕರೆ ಬಂದಾಗ ನಮಗೆಲ್ಲ ಹಬ್ಬ.

ಆ ಸಂದರ್ಶನಕ್ಕೆ ಮೊದಲು ಒಂದು ವಿವರ ಪತ್ರ ತುಂಬಿಸಬೇಕು. ಓದಿದ ಶಾಲೆ, ಆಡುವ ಆಟ, ಹವ್ಯಾಸ, ತಂದೆಯ ಕಸುಬು, ಆದಾಯ ಎಲ್ಲವೂ ಅದರಲ್ಲಿ ಬರುತ್ತದೆ. ನಮ್ಮ ಕಚೇರಿಯಲ್ಲಿ ಕುಳಿತು ನಾವೇ ತುಂಬಿಸಿಕೊಟ್ಟೆವು. ತಂದೆಯ ಕಸುಬು ಎಂಬ ಜಾಗದಲ್ಲಿ ಹುಡುಗ ಗುಜರಿ ಎಂದು ಬರೆಯಲು ಹೊರಟ. ನಾವು ತಡೆದೆವು. ದೊಡ್ಡ ಅಧಿಕಾರಿಗಳು ನೋಡುವ ಕಾಗದ, ಸ್ವಲ್ಪ ಚೆನ್ನಾಗಿ ಬರೆಯೋಣ ಎಂದೆವು. ‘ಮೆಟಲ್ ಟ್ರೇಡಿಂಗ್ ಬಿಸಿನೆಸ್’ ಎಂದು ಬರೆಸಿದೆವು. ಹವ್ಯಾಸ ಎಂಬಲ್ಲಿ ಪುಸ್ತಕ ಓದುವುದು, ಈಜುವುದು ಎಂದು ಬರೆಸಿದೆವು. ಅವನು ಕಾವೇರಿಯಲ್ಲಿ ಒಂದೆರಡು ಸಲ ಇಳಿದಿದ್ದ, ಅಷ್ಟೆ. ನೂರು ಪ್ರಶ್ನೆಗೆ ನೂರು ಉತ್ತರ ಬಾಯಿಪಾಠ ಮಾಡಿಸಿದೆವು. ಸೇನೆಗೆ ಏಕೆ ಸೇರುತ್ತೀರಿ ಎಂಬ ಪ್ರಶ್ನೆಗೇ ಅರ್ಧ ಪುಟದ ಉತ್ತರ ಬರೆದುಕೊಟ್ಟೆವು.

ಹುಡುಗ ರೈಲು ಹತ್ತಿ ಪುಣೆಗೆ ಹೋದ. ಒಳಗಿದ್ದ ಅಧಿಕಾರಿಗಳು ಮರ್ಯಾದೆಯಿಂದಲೇ ಕೂರಿಸಿದರಂತೆ. ಕಾಗದ ನೋಡಿ, ತಂದೆಯವರದು ಲೋಹದ ವ್ಯಾಪಾರ, ಒಳ್ಳೆಯದು, ಗೋದಾಮು ಎಲ್ಲಿದೆ, ಎಷ್ಟು ಜನ ಕೆಲಸಕ್ಕಿದ್ದಾರೆ ಎಂದು ಕೇಳಿದರಂತೆ. ಗೋದಾಮು ಎಲ್ಲಿಂದ ಬರಬೇಕು? ಮನೆಯ ಮುಂದಿನ ಚಪ್ಪರವೇ ಗೋದಾಮು, ಕೆಲಸಕ್ಕಿರುವವರು ತಾಯಿ ಮತ್ತು ತಮ್ಮ. ಹುಡುಗ ತಡವರಿಸಿದ. ತಾಮ್ರದ ದರ ಈಗ ಎಷ್ಟಿದೆ ಎಂದು ಕೇಳಿದರು. ಅದು ಅವನಿಗೆ ಗೊತ್ತಿತ್ತು! ಎಂಟನೆಯ ವಯಸ್ಸಿನಿಂದ ತಕ್ಕಡಿ ಹಿಡಿದ ಹುಡುಗ. ಹಿತ್ತಾಳೆ ಯಾವುದು, ಹಿತ್ತಾಳೆ ಬಣ್ಣ ಬಳಿದ ಕಬ್ಬಿಣ ಯಾವುದು ಎಂದು ಆಯಸ್ಕಾಂತ ಹಿಡಿದು ಹೇಳಬಲ್ಲ. ಆದರೆ ಚಿಲ್ಲರೆ ಗುಜರಿಯ ದರ ಹೇಳಿದರೆ ನಾವು ಬರೆಸಿದ ಮಾತು ಸುಳ್ಳಾಗುತ್ತದೆಂದು ಬಾಯಿ ಬಿಡಲಿಲ್ಲ. ಗೊತ್ತಿಲ್ಲ ಸರ್ ಎಂದ. ಆಮೇಲೆ ಈಜಿನ ಬಗ್ಗೆ ಕೇಳಿದರು. ಅಲ್ಲೂ ಅದೇ ಕಥೆ. ಅರ್ಧ ಪುಟದ ಉತ್ತರ ಹೇಳುವ ಅವಕಾಶವೇ ಬರಲಿಲ್ಲ.

ಊರಿಗೆ ಬಂದು ಒಂದು ವಾರ ಅವನು ನಮ್ಮ ಕಡೆ ಸುಳಿಯಲಿಲ್ಲ. ಬಂದಾಗ ಹೇಳಿದ ಮಾತು ಇಷ್ಟೇ: ‘ನನಗೆ ಗೊತ್ತಿದ್ದದ್ದನ್ನು ನಾನು ಗೊತ್ತಿಲ್ಲ ಅಂದೆ. ಅಪ್ಪನ ಕೆಲಸ ಗೊತ್ತಿಲ್ಲ ಅಂದೆ.’

ಸೋತದ್ದಕ್ಕಿಂತ ಈ ಮಾತು ನಮಗೆ ಹೆಚ್ಚು ತಾಗಿತು. ನಾವು ಹುಡುಗನ ಓದಿಗೆ ಹಣ ಕೊಟ್ಟೆವು, ಜೊತೆಗೆ ಅವನ ಮನೆಯ ಬಗ್ಗೆ ನಾಚಿಕೆಯನ್ನೂ ಕೊಟ್ಟೆವು. ಅದನ್ನು ಯಾವ ದಾನಿಯೂ ನಮಗೆ ಕೊಟ್ಟಿರಲಿಲ್ಲ, ಅದು ನಮ್ಮದೇ ಸೇರ್ಪಡೆ.

ಕೊಪ್ಪದ ಸೇತುವೆ ದಾಟಿದರೆ ಕುಶಾಲನಗರ, ಕೊಡಗು. ಆ ನೆಲದಲ್ಲಿ ನಿವೃತ್ತ ಸೈನಿಕರಿಗೆ ಬರವಿಲ್ಲ. ಕಾರ್ಯಪ್ಪನವರ, ತಿಮ್ಮಯ್ಯನವರ ಜಿಲ್ಲೆ ಅದು. ಕೂಡಿಗೆಯಲ್ಲಿ 2007ರಿಂದ ಸೈನಿಕ ಶಾಲೆಯೂ ಇದೆ. ಇಷ್ಟು ಹತ್ತಿರ ಇದ್ದೂ ನಾವು ಒಬ್ಬರನ್ನೂ ಕೇಳಿರಲಿಲ್ಲ. ಈಗ ಹೋಗಿ ಒಬ್ಬ ನಿವೃತ್ತ ಅಧಿಕಾರಿಯನ್ನು ಕೇಳಿಕೊಂಡೆವು. ಅವರು ಭಾನುವಾರಗಳಂದು ಬಂದು, ಚಹಾ ಬಿಟ್ಟು ಬೇರೇನೂ ತೆಗೆದುಕೊಳ್ಳದೆ, ಐದಾರು ಮಕ್ಕಳನ್ನು ಕೂರಿಸಿಕೊಂಡು ಹೇಳಿಕೊಟ್ಟರು. ಅವರಿಂದ ನಾವು ಕಲಿತದ್ದನ್ನು ಇಲ್ಲಿರುವ ಎಲ್ಲ ಪೋಷಕರಿಗೂ ಹೇಳುತ್ತೇವೆ. ಏಕೆಂದರೆ ಪ್ರಾದೇಶಿಕ ಸೇನೆಗಾಗಲಿ, ಎನ್.ಡಿ.ಎ., ಸಿ.ಡಿ.ಎಸ್. ಮೂಲಕ ಖಾಯಂ ಸೇನೆಗಾಗಲಿ, ಕೊನೆಗೆ ದಾಟಬೇಕಾದ ಬಾಗಿಲು ಒಂದೇ. ಅದು ಸರ್ವೀಸಸ್ ಸೆಲೆಕ್ಷನ್ ಬೋರ್ಡಿನ ಐದು ದಿನ. ಭೂಸೇನೆಯ ಅಂಥ ಕೇಂದ್ರ ಬೆಂಗಳೂರಿನಲ್ಲಿದೆ. ವಾಯುಪಡೆಯದು ನಮ್ಮ ಮೈಸೂರಿನಲ್ಲೇ ಇದೆ.

ಮೊದಲ ದಿನ ಬುದ್ಧಿಶಕ್ತಿಯ ಪರೀಕ್ಷೆ ಮತ್ತು ಒಂದು ಚಿತ್ರ. ಮಸುಕಾದ ಚಿತ್ರವನ್ನು 30 ಸೆಕೆಂಡು ತೋರಿಸುತ್ತಾರೆ, ಅದರ ಮೇಲೆ ಕೆಲವೇ ನಿಮಿಷದಲ್ಲಿ ಒಂದು ಕಥೆ ಬರೆದು, ಗುಂಪಿನಲ್ಲಿ ಚರ್ಚಿಸಬೇಕು. ಇಲ್ಲೇ ಬಹಳ ಜನ ಅದೇ ದಿನ ವಾಪಸ್. ಉಳಿದವರಿಗೆ ಮನಶ್ಶಾಸ್ತ್ರದ ಪರೀಕ್ಷೆ. 60 ಪದಗಳನ್ನು ಒಂದರ ಹಿಂದೆ ಒಂದರಂತೆ ತೋರಿಸುತ್ತಾರೆ, ಒಂದೊಂದಕ್ಕೆ 15 ಸೆಕೆಂಡು. ಮನಸ್ಸಿಗೆ ಬಂದ ವಾಕ್ಯ ಬರೆಯಬೇಕು. ಆಮೇಲೆ 60 ಸಂದರ್ಭಗಳು, ಅರ್ಧ ಗಂಟೆ. ನೀನು ಏನು ಮಾಡುತ್ತೀಯ ಎಂದು ಬರೆಯಬೇಕು. ಇಷ್ಟು ವೇಗದಲ್ಲಿ ಬಾಯಿಪಾಠ ಕೆಲಸಕ್ಕೆ ಬರುವುದಿಲ್ಲ. ಒಳಗೆ ಇದ್ದದ್ದೇ ಹೊರಗೆ ಬರುತ್ತದೆ.

ಬಯಲಿನಲ್ಲಿ ಹಲಗೆ, ಹಗ್ಗ, ಪೀಪಾಯಿ ಕೊಟ್ಟು ಗುಂಪಾಗಿ ಅಡ್ಡಿ ದಾಟಲು ಹೇಳುತ್ತಾರೆ. ಅಲ್ಲಿ ನೋಡುವುದು ತೋಳಿನ ಬಲವನ್ನಷ್ಟೇ ಅಲ್ಲ. ಹಿಂದೆ ಉಳಿದವನಿಗೆ ಕೈ ಕೊಟ್ಟೆಯಾ, ಇನ್ನೊಬ್ಬನ ಒಳ್ಳೆಯ ಉಪಾಯವನ್ನು ಒಪ್ಪಿಕೊಂಡೆಯಾ ಎಂಬುದನ್ನೂ ನೋಡುತ್ತಾರೆ. ಕೊಟ್ಟ ವಿಷಯದ ಮೇಲೆ ಮೂರು ನಿಮಿಷ ಮಾತನಾಡಬೇಕು. ಒಬ್ಬ ಅಧಿಕಾರಿಯೊಂದಿಗೆ ದೀರ್ಘ ಸಂದರ್ಶನ ಇರುತ್ತದೆ. ಕೊನೆಯ ದಿನ ಎಲ್ಲ ಪರೀಕ್ಷಕರೂ ಒಟ್ಟಿಗೆ ಕುಳಿತು ತೀರ್ಮಾನಿಸುತ್ತಾರೆ. ಅವರು ಅಳೆಯುವ ಗುಣಗಳು 15. ಹೊಣೆ ಹೊರುವುದು, ಸಹಕಾರ, ಧೈರ್ಯ, ಬೇಗ ತೀರ್ಮಾನ ಕೈಗೊಳ್ಳುವುದು ಇಂಥವು.

ಪೋಷಕರು ಕಿವಿಗೊಡಬೇಕಾದ ಒಂದು ಪರೀಕ್ಷೆ ಇದರಲ್ಲಿದೆ. ಅಭ್ಯರ್ಥಿ ತನ್ನ ಬಗ್ಗೆ ತಾನೇ ಬರೆಯಬೇಕು. ನಿನ್ನ ತಂದೆ ತಾಯಿಗೆ ನಿನ್ನ ಬಗ್ಗೆ ಏನು ಅಭಿಪ್ರಾಯವಿದೆ, ಶಿಕ್ಷಕರಿಗೆ ಏನು, ಗೆಳೆಯರಿಗೆ ಏನು, ನಿನಗೇ ಏನು ಎಂದು ಕೇಳುತ್ತಾರೆ. ಇಲ್ಲಿ ಕೂತಿರುವ ತಂದೆಯರನ್ನು ಕೇಳುತ್ತೇವೆ. ನಿಮ್ಮ ಮಗನಲ್ಲಿ, ಮಗಳಲ್ಲಿ ಯಾವುದು ಒಳ್ಳೆಯದು, ಯಾವುದು ತಿದ್ದಿಕೊಳ್ಳಬೇಕು ಎಂದು ಒಂದು ದಿನವಾದರೂ ಕೂರಿಸಿಕೊಂಡು ಹೇಳಿದ್ದೀರಾ? ಬೈಯುತ್ತೇವೆ, ಬೇರೆಯವರ ಮುಂದೆ ಹೊಗಳುತ್ತೇವೆ. ಮಕ್ಕಳಿಗೆ ನೇರವಾಗಿ ಹೇಳುವುದಿಲ್ಲ. ನಮ್ಮ ಭಾನುವಾರದ ಮಕ್ಕಳಿಗೆ ಈ ಪ್ರಶ್ನೆ ಕೊಟ್ಟಾಗ ಅರ್ಧದಷ್ಟು ಮಕ್ಕಳು ಕಾಗದ ಖಾಲಿ ಬಿಟ್ಟರು. ಮನೆಗೆ ಹೋಗಿ ಕೇಳಿಕೊಂಡು ಬನ್ನಿ ಎಂದು ಕಳಿಸಿದೆವು. ಈ ತಯಾರಿಗೆ ಫೀಸು ಇಲ್ಲ.

ಮನೆಯಲ್ಲೇ ಆಗಬಹುದಾದ ಉಳಿದ ತಯಾರಿಯನ್ನೂ ಹೇಳಿಬಿಡುತ್ತೇವೆ. ದಿನಕ್ಕೊಂದು ಪತ್ರಿಕೆ ಓದಿ, ಒಂದು ಸುದ್ದಿಯನ್ನು ಮೂರು ನಿಮಿಷ ನಿಂತು ಮನೆಯವರಿಗೆ ಹೇಳಿ. ಕನ್ನಡದಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ. ತಪ್ಪಿಲ್ಲದ ಸಾದಾ ಇಂಗ್ಲಿಷ್ ಸಾಕು, ಅಲಂಕಾರ ಬೇಡ. ಬೆಳಿಗ್ಗೆ ಓಡಿ. ಆಡುವ ಆಟವನ್ನು ನಿಜವಾಗಿ ಆಡಿ. ಕಣ್ಣು, ಕಿವಿ, ಹಲ್ಲುಗಳನ್ನು ಮೊದಲೇ ವೈದ್ಯರಿಗೆ ತೋರಿಸಿ. ಐದು ದಿನ ದಾಟಿದ ಮೇಲೆ ವೈದ್ಯಕೀಯದಲ್ಲಿ ನಿಲ್ಲುವುದು ದೊಡ್ಡ ದುಃಖ. ನಿಮ್ಮ ತಾಲ್ಲೂಕಿನ ಬಗ್ಗೆ ತಿಳಿದುಕೊಳ್ಳಿ. ಪಿರಿಯಾಪಟ್ಟಣದಿಂದ ಬಂದವನಿಗೆ ತಂಬಾಕು ಹೇಗೆ ಬೇಯಿಸುತ್ತಾರೆ ಎಂದು ಗೊತ್ತಿರಬೇಕು. ಬೈಲಕುಪ್ಪೆಯ ಪಕ್ಕದಲ್ಲಿದ್ದವನಿಗೆ ಟಿಬೆಟಿನವರು ಇಲ್ಲಿಗೆ ಏಕೆ ಬಂದರು ಎಂದು ಗೊತ್ತಿರಬೇಕು.

ಇನ್ನೊಂದು ಪ್ರಶ್ನೆಯನ್ನು ನಾವು ಮುಚ್ಚಿಡುವುದಿಲ್ಲ. ನಮ್ಮ ಮೊಹಲ್ಲಾಗಳಲ್ಲಿ ಎಲ್ಲರೂ ಕೇಳುವ ಪ್ರಶ್ನೆ: ‘ನಮ್ಮವರನ್ನು ತೆಗೆದುಕೊಳ್ಳುತ್ತಾರಾ?’ ಈ ಪ್ರಶ್ನೆ ಕೇಳಿದ ಮೇಲೆ ಯಾರೂ ಅರ್ಜಿ ಹಾಕುವುದಿಲ್ಲ, ಅಲ್ಲಿಗೆ ಮಾತು ಮುಗಿಯಿತು. ಆ ಅಧಿಕಾರಿಗಳು ನಮಗೆ ಹೇಳಿದ್ದು ಹೀಗೆ. ಐದು ದಿನವೂ ಅಭ್ಯರ್ಥಿಯ ಎದೆಯ ಮೇಲೆ ಒಂದು ಸಂಖ್ಯೆ ಇರುತ್ತದೆ, ಕರೆಯುವುದು ಆ ಸಂಖ್ಯೆಯಿಂದ. ಮೂವರು ಪರೀಕ್ಷಕರು ಬೇರೆ ಬೇರೆಯಾಗಿ ಅಳೆಯುತ್ತಾರೆ. ಮನಶ್ಶಾಸ್ತ್ರಜ್ಞರು ಕಾಗದ ಮಾತ್ರ ನೋಡುತ್ತಾರೆ, ಕೊನೆಯ ದಿನದವರೆಗೆ ಮುಖ ನೋಡುವುದಿಲ್ಲ.

ಇತಿಹಾಸವನ್ನೂ ನೋಡಿ. ಬ್ರಿಗೇಡಿಯರ್ ಮೊಹಮ್ಮದ್ ಉಸ್ಮಾನ್ 1948ರ ಜುಲೈ 3ರಂದು ಝಂಗಡ್‌ನಲ್ಲಿ ಪ್ರಾಣ ಕೊಟ್ಟರು. ನೌಶೇರಾದ ಸಿಂಹ ಎಂದು ದೇಶ ಅವರನ್ನು ಕರೆಯಿತು, ಮಹಾವೀರ ಚಕ್ರ ಕೊಟ್ಟಿತು. ಅದೇ ವರ್ಷದ ಆರಂಭದಲ್ಲಿ ಅವರು ಕೋಟ್ ಎಂಬ ಸ್ಥಳವನ್ನು ಗೆದ್ದುಕೊಟ್ಟ ಕಾರ್ಯಾಚರಣೆಗೆ ‘ಕಿಪ್ಪರ್’ ಎಂದು ಹೆಸರಿಟ್ಟಿದ್ದರು. ಕಿಪ್ಪರ್ ಎಂಬುದು ನಮ್ಮ ಹೊಳೆಯಾಚೆಯ ಕಾರ್ಯಪ್ಪನವರ ಅಡ್ಡಹೆಸರು. ಇದ್ರಿಸ್ ಹಸನ್ ಲತೀಫ್ 1978ರಿಂದ 1981ರವರೆಗೆ ವಾಯುಪಡೆಯ ಮುಖ್ಯಸ್ಥರಾಗಿದ್ದರು. ಜಮೀರುದ್ದೀನ್ ಷಾ ಭೂಸೇನೆಯ ಉಪಮುಖ್ಯಸ್ಥರ ಹುದ್ದೆಯಲ್ಲಿದ್ದು, ನಿವೃತ್ತಿಯ ನಂತರ ಅಲೀಗಢದ ಕುಲಪತಿಯಾದರು. ಕ್ಯಾಪ್ಟನ್ ಹನೀಫುದ್ದೀನ್ 1999ರ ಕಾರ್ಗಿಲ್ ಯುದ್ಧದಲ್ಲಿ ಹುತಾತ್ಮರಾದರು. ಈ ಹೆಸರುಗಳನ್ನು ಹೇಳುವುದು ದಾರಿ ಸಲೀಸು ಎನ್ನಲು ಅಲ್ಲ. ದಾರಿ ಎಲ್ಲರಿಗೂ ಕಷ್ಟವೇ. ಪ್ರಾದೇಶಿಕ ಸೇನೆಯ 2025ರ ಪ್ರಕಟಣೆಯಲ್ಲಿ ಇಡೀ ದೇಶಕ್ಕೆ ಇದ್ದ ಅಧಿಕಾರಿ ಹುದ್ದೆ 19. ಅರ್ಜಿಯನ್ನೇ ಹಾಕದವನ ಸೋಲಿಗೆ ಮಾತ್ರ ಬೇರೆ ಯಾರೂ ಹೊಣೆಯಲ್ಲ.

ಹೆಣ್ಣುಮಕ್ಕಳ ತಂದೆ ತಾಯಂದಿರೂ ಕೇಳಿ. ಪ್ರಾದೇಶಿಕ ಸೇನೆಗೆ ಮಹಿಳೆಯರು ಸೇರಬಹುದೆಂದು ದೆಹಲಿ ಹೈಕೋರ್ಟ್ 2018ರಲ್ಲಿ ಹೇಳಿದೆ. ಸುಪ್ರೀಂ ಕೋರ್ಟಿನ 2021ರ ಆದೇಶದ ನಂತರ ಎನ್.ಡಿ.ಎ. ಬಾಗಿಲೂ ತೆರೆದಿದೆ. ನಮ್ಮ ಭಾನುವಾರದ ತಂಡದಲ್ಲಿ ಈಗ ಇಬ್ಬರು ಹೆಣ್ಣುಮಕ್ಕಳಿದ್ದಾರೆ, ಚರ್ಚೆಯಲ್ಲಿ ಹುಡುಗರಿಗೆ ಮಾತಾಡಲು ಬಿಡುವುದಿಲ್ಲ!

ಈಗ ನಮ್ಮ ಹುಡುಗನ ಕಡೆಗೆ ಬರೋಣ. ಅವನು ಮತ್ತೆ ಪರೀಕ್ಷೆ ಬರೆದ, ಮತ್ತೆ ಪಾಸಾದ. ಈ ಸಲ ವಿವರ ಪತ್ರವನ್ನು ತಾನೇ ತುಂಬಿಸಿದ. ತಂದೆಯ ಕಸುಬು: ಗುಜರಿ ಸಾಮಾನು ಕೊಳ್ಳುವುದು, ಮಾರುವುದು. ಹವ್ಯಾಸ: ಹಳೆ ರೇಡಿಯೊ, ಫ್ಯಾನ್ ರಿಪೇರಿ. ಅದು ನಿಜ, ಗುಜರಿಗೆ ಬಂದ ಫ್ಯಾನುಗಳನ್ನು ಸರಿಮಾಡಿ ಅವನು ತನ್ನ ಪುಸ್ತಕದ ಖರ್ಚು ತೂಗಿಸಿದ್ದ.

ಒಳಗೆ ಅಧಿಕಾರಿ ಕೇಳಿದರಂತೆ: ‘ಕದ್ದ ಮಾಲು ತಂದರೆ ನಿಮ್ಮ ತಂದೆ ಏನು ಮಾಡುತ್ತಾರೆ?’ ಹುಡುಗ ಹೇಳಿದ. ಒಂದು ರಾತ್ರಿ ಇಬ್ಬರು ಪಂಪ್‌ಸೆಟ್ಟಿನ ಕೇಬಲ್ ಸುಟ್ಟು ತೆಗೆದ ತಾಮ್ರ ತಂದಿದ್ದರು. ಮನೆಯಲ್ಲಿ ಹಣದ ಅಡಚಣೆ ಇತ್ತು. ತಂದೆ ತಕ್ಕಡಿ ಮುಟ್ಟಲಿಲ್ಲ. ಇದು ಯಾರೋ ರೈತನ ಬೆಳೆ, ತೂಗುವುದಿಲ್ಲ ಎಂದು ಕಳಿಸಿ, ಬೆಳಿಗ್ಗೆ ಆ ಕಡೆಯ ಊರಿನ ಯಜಮಾನರಿಗೆ ಸುದ್ದಿ ಮುಟ್ಟಿಸಿದರು. ಆಗ ನಿನಗೆ ಏನನಿಸಿತು ಎಂದು ಅಧಿಕಾರಿ ಕೇಳಿದರು. ‘ಆವತ್ತು ಕಾಲೇಜು ಫೀಸು ಕಟ್ಟಬೇಕಿತ್ತು ಸರ್, ನನಗೆ ಅಪ್ಪನ ಮೇಲೆ ಸಿಟ್ಟು ಬಂತು. ಈಗ ಇಲ್ಲ’ ಎಂದನಂತೆ. ಇಂಥ ಉತ್ತರವನ್ನು ನಾವು ನೂರು ಸಲ ಬರೆದುಕೊಟ್ಟರೂ ಬರೆಯಲು ಆಗುತ್ತಿರಲಿಲ್ಲ.

ಪ್ರಾಥಮಿಕ ಸಂದರ್ಶನ ದಾಟಿದ. ಬೆಂಗಳೂರಿನ ಐದು ದಿನಕ್ಕೆ ಹೋದ. ಮೊದಲ ದಿನವೂ ದಾಟಿದ. ಕೊನೆಯ ದಿನದವರೆಗೆ ಉಳಿದ. ಆಯ್ಕೆಯಾದ ಸಂಖ್ಯೆಗಳನ್ನು ಓದಿದಾಗ ಅವನ ಸಂಖ್ಯೆ ಇರಲಿಲ್ಲ.

ಆಯ್ಕೆಯಾದ ಎಂದು ಇಲ್ಲಿ ಹೇಳುವ ಆಸೆ ನಮಗೂ ಇತ್ತು. ವರದಿಯಲ್ಲಿ ಫೋಟೋ ಹಾಕುವ ಆಸೆ ಇತ್ತು. ಆದರೆ ಚೆನ್ನಾಗಿ ಕಾಣಲೆಂದು ಬರೆಯುವ ಚಟ ಬಿಡುತ್ತೇವೆ ಎಂದು ಈಗ ತಾನೇ ಹೇಳಿದ್ದೇವೆ. ಅವನಿಗೆ ಇನ್ನೂ ಮೂವತ್ತು ತುಂಬಿಲ್ಲ, ಪ್ರಕಟಣೆ ಬಂದಾಗ ಮತ್ತೆ ಅರ್ಜಿ ಹಾಕುತ್ತಾನೆ, ಇನ್‌ಷಾ ಅಲ್ಲಾಹ್. ಗುಂಪಿನಲ್ಲಿ ತಾನು ಮಾತು ಮುಗಿಸುವ ಮೊದಲೇ ಬಿಟ್ಟುಕೊಡುತ್ತೇನೆ, ಅದನ್ನು ತಿದ್ದಿಕೊಳ್ಳಬೇಕು ಎಂದು ಅವನೇ ಹೇಳುತ್ತಾನೆ. ಭಾನುವಾರ ಬಂದು ಚಿಕ್ಕವರಿಗೆ ಹೇಳಿಕೊಡುತ್ತಾನೆ. ಅವನ ತಂದೆ ಇವತ್ತು ಈ ಸಭೆಯಲ್ಲಿದ್ದಾರೆ. ಬೆಂಗಳೂರಿನಿಂದ ಬಂದ ರಾತ್ರಿ ಅವರು ಮಗನನ್ನು ಏನು ಕೇಳಿದರು ಎಂದರೆ ನಕ್ಕು, ‘ನನ್ನ ವಿಷಯ ಏನು ಕೇಳಿದರು ಅಂತ ಕೇಳಿದೆ’ ಎಂದರು.

ದಾನಿಗಳೇ, ಈ ಅನುಭವದ ಮೇಲೆ ನಾವು ಕೈಗೊಂಡ ತೀರ್ಮಾನಗಳನ್ನು ನಿಮ್ಮ ಮುಂದಿಡುತ್ತೇವೆ. ದೊಡ್ಡ ಮೊತ್ತದ ಕೋಚಿಂಗ್ ಫೀಸಿಗೆ ಟ್ರಸ್ಟಿನ ಹಣ ಕೊಡುವುದಿಲ್ಲ. ಅದರ ಬದಲು ಅರ್ಜಿ ಶುಲ್ಕ, ಪ್ರಯಾಣ, ಕನ್ನಡಕ, ಹಲ್ಲಿನ ಚಿಕಿತ್ಸೆ ಮತ್ತು ಭಾನುವಾರದ ತರಗತಿಗೆ ಪತ್ರಿಕೆಗಳು, ಇಷ್ಟಕ್ಕೆ ಕೊಡುತ್ತೇವೆ. ಹಣಕ್ಕಿಂತ ನಿಮ್ಮ ಸಮಯ ನಮಗೆ ಹೆಚ್ಚು ಬೇಕು. ಬ್ಯಾಂಕು, ಶಾಲೆ, ಆಸ್ಪತ್ರೆ, ಸೇನೆ, ಎಲ್ಲೇ ಕೆಲಸ ಮಾಡಿದವರಿರಲಿ, ಒಂದು ಭಾನುವಾರ ಬಂದು ಮಕ್ಕಳನ್ನು ಎದುರು ಕೂರಿಸಿ ಪ್ರಶ್ನೆ ಕೇಳಿ.

ವಿದ್ಯಾರ್ಥಿವೇತನದ ಕುಟುಂಬಗಳಿಗೆ ಒಂದು ಸೂಚನೆ. ಮುಂದಿನ ವರ್ಷದ ಅರ್ಜಿ ನಮೂನೆ ಈ ವರದಿಯ ಕೊನೆಯಲ್ಲಿದೆ. ಅಂಕಪಟ್ಟಿ, ಆದಾಯ ಪ್ರಮಾಣಪತ್ರ ಎಂದಿನಂತೆ ಬೇಕು. ನಮ್ಮ ಸಂದರ್ಶನದಲ್ಲಿ ಈ ಸಲ ಬಾಯಿಪಾಠದ ಪ್ರಶ್ನೆ ಕೇಳುವುದಿಲ್ಲ. ನಿಮ್ಮ ಮನೆಯ ದುಡಿಮೆಯ ಬಗ್ಗೆ ಕೇಳುತ್ತೇವೆ. ಅಪ್ಪ ಆಟೋ ಓಡಿಸಿದರೆ ಆಟೋ, ಅಮ್ಮ ಬೀಡಿ ಕಟ್ಟಿದರೆ ಬೀಡಿ, ಶುಂಠಿ ಹೊಲದ ಕೂಲಿಯಾದರೆ ಕೂಲಿ ಎಂದೇ ಬರೆಯಿರಿ. ಅರ್ಜಿಯನ್ನು ವಿದ್ಯಾರ್ಥಿ ತನ್ನ ಕೈಯಿಂದಲೇ ತುಂಬಿಸಲಿ. ನಮ್ಮ ಕಚೇರಿಯಲ್ಲಿ ಪೆನ್ನು ಕೊಡುತ್ತೇವೆ, ಕುರ್ಚಿ ಕೊಡುತ್ತೇವೆ. ಬರೆದುಕೊಡುವುದಿಲ್ಲ.

ನಮ್ಮ ಮಕ್ಕಳಿಗೆ ಅಲ್ಲಾಹನು ಒಳ್ಳೆಯ ಜ್ಞಾನವನ್ನೂ ನಿಜ ಹೇಳುವ ಧೈರ್ಯವನ್ನೂ ಕೊಡಲಿ, ನಿಮ್ಮ ದಾನವನ್ನು ಸ್ವೀಕರಿಸಲಿ. ಆಮೀನ್.